ಇಪ್ಪತ್ತು ವರ್ಷದ ಪುಸ್ತಕಗಳೆಲ್ಲ ಹಳೆಯ ಫಾಂಟಿನಲ್ಲಿವೆ, ಈಗ ಏನು ಮಾಡಲಿ?

ಪ್ರಶ್ನೆ: ಗದಗ ಜಿಲ್ಲೆಯ ಊರೊಂದರಲ್ಲಿ ನಮ್ಮದು ಸಣ್ಣ ಮುದ್ರಣಾಲಯ. ತಂದೆಯವರ ಕಾಲದಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದರು. ನಾನು 2003ರಲ್ಲಿ ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಪುಟ ಜೋಡಿಸುವ ಕೆಲಸ, ಆರಂಭಿಸಿದೆ. ಲಗ್ನಪತ್ರಿಕೆ, ಬಿಲ್ ಪುಸ್ತಕಗಳ ಜೊತೆಗೆ ಈ ಭಾಗದ ಲೇಖಕರ ಪುಸ್ತಕಗಳನ್ನೂ ಪ್ರಕಟಿಸುತ್ತ ಬಂದಿದ್ದೇನೆ, ಈಗ ಮುನ್ನೂರು ದಾಟಿವೆ. ಎಲ್ಲವೂ ‘ನುಡಿ’ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿ ಪೇಜ್‌ಮೇಕರ್‌ನಲ್ಲಿ ಪುಟ ಕಟ್ಟಿದವು. ಆ ಪೇಜ್‌ಮೇಕರ್ ಹಣ ಕೊಟ್ಟು ಕೊಂಡದ್ದಲ್ಲ, ಕಂಪ್ಯೂಟರ್ ಮಾರಿದವರೇ ಹಾಕಿಕೊಟ್ಟಿದ್ದರು. ಈಗ ಒಂದು ಕಂಪ್ಯೂಟರಿನಲ್ಲಿ ವಿಂಡೋಸ್ 7, ಇನ್ನೊಂದರಲ್ಲಿ ವಿಂಡೋಸ್ 10 ಇದೆ. ಎಂಜಿನಿಯರಿಂಗ್ ಓದುವ ಮಗ ಎಲ್ಲವನ್ನೂ ತೆಗೆದು ವಿಂಡೋಸ್ ಬದಲಿಗೆ ಲಿನಕ್ಸ್ ಹಾಕೋಣ ಎನ್ನುತ್ತಾನೆ. ಹುಬ್ಬಳ್ಳಿಯ ಮಾರಾಟಗಾರರು ಹೊಸ ಕಂಪ್ಯೂಟರ್ ಕೊಂಡು, ಪುಟ ಕಟ್ಟುವ ತಂತ್ರಾಂಶವಾದ ಇನ್‌ಡಿಸೈನ್‌ಗೆ ಚಂದಾ ಕಟ್ಟಿ ಎನ್ನುತ್ತಾರೆ. ಇನ್ನೊಬ್ಬರು ಬಂದು, ಪುಸ್ತಕಗಳ ಪಿಡಿಎಫ್ ಕೊಟ್ಟರೆ ಎಐ ಬಳಸಿ ಒಂದು ವಾರದಲ್ಲಿ ಅಷ್ಟನ್ನೂ ಯುನಿಕೋಡ್ ಮಾಡಿಕೊಡುತ್ತೇನೆ ಎಂದಿದ್ದಾರೆ. ಯುನಿಕೋಡ್‌ನಲ್ಲಿ ಒತ್ತಕ್ಷರ ಒಡೆಯುತ್ತದೆ, ಕೀಲಿಮಣೆಯನ್ನು ಮೊದಲಿನಿಂದ ಕಲಿಯಬೇಕು ಎಂದು ಹದಿನಾರು ವರ್ಷದಿಂದ ನಮ್ಮಲ್ಲಿರುವ ಆಪರೇಟರ್ ಅಕ್ಕ ಹೆದರಿದ್ದಾರೆ. ಈಚೆಗೆ ತೀರಿಕೊಂಡ ಕವಿಯೊಬ್ಬರ ಮಗಳು ತಂದೆಯ ಕವನಗಳ ಕಡತ ಕೇಳಿದರು. ಕೊಟ್ಟೆ. ಅವರ ಮೊಬೈಲಿನಲ್ಲಿ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆಗಳೇ ಕಂಡವಂತೆ. ನನಗೆ ಬಹಳ ನಾಚಿಕೆಯಾಯಿತು. ಯಾವ ದಾರಿ ಸರಿ? ಹಣ ಕೊಡದ ತಂತ್ರಾಂಶದಲ್ಲಿ ಇಷ್ಟು ವರ್ಷ ದುಡಿದದ್ದು ತಪ್ಪೇ ಎಂಬುದನ್ನೂ ದಯವಿಟ್ಟು ಹೇಳಿ.

ಉತ್ತರ: ನಿಮ್ಮ ಪತ್ರದಲ್ಲಿ ಐದಾರು ಪ್ರಶ್ನೆಗಳಿವೆ, ಆದರೆ ಅವುಗಳ ಬುಡದಲ್ಲಿರುವ ಆತಂಕ ಒಂದೇ. ಮುನ್ನೂರು ಪುಸ್ತಕಗಳ ಬರಹ ನಿಮ್ಮ ಮನೆಯಲ್ಲೇ ಇದೆ, ಆದರೂ ನಿಮ್ಮ ಕೈಗೆ ಸಿಗುತ್ತಿಲ್ಲ. ಮಗ, ಮಾರಾಟಗಾರ, ಎಐ ಎಂದವರು ಮೂವರೂ ಮುಂದೆ ಯಾವ ತಂತ್ರಾಂಶ ಬಳಸಬೇಕು ಎಂದು ಹೇಳುತ್ತಿದ್ದಾರೆ. ಆ ಕವಿಯ ಮಗಳು ಕೇಳಿದ್ದು ಬೇರೆ: ನನ್ನ ತಂದೆಯ ಮಾತು ನನಗೆ ಓದಲು ಸಿಗುತ್ತದೆಯೇ? ನಾನು ಅವರ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ. ಕನ್ನಡದ ಪ್ರೆಸ್ಸುಗಳಲ್ಲಿ ಇಪ್ಪತ್ತೈದು ವರ್ಷ ಕಂಪ್ಯೂಟರ್ ಕೆಲಸ ಮಾಡಿದ ಮೇಲೆ ತಂತ್ರಾಂಶವನ್ನು ಅಳೆಯಲು ನನ್ನಲ್ಲಿ ಉಳಿದಿರುವ ಅಳತೆಗೋಲು ಒಂದೇ: ಒಳಗೆ ಹಾಕಿದ ಬರಹವನ್ನು ಯಾರ ಅಪ್ಪಣೆಯೂ ಇಲ್ಲದೆ ಹೊರಗೆ ತೆಗೆಯಲು ಆಗುತ್ತದೆಯೇ?

ಆ ಮೊಬೈಲಿನಲ್ಲಿ ಏನಾಯಿತು ಎಂದು ತಿಳಿಯಲು ನಿಮ್ಮ ತಂದೆಯವರ ಮೊಳೆಯ ಕೇಸನ್ನು ನೆನಪಿಸಿಕೊಳ್ಳಿ. ಅಲ್ಲಿ ಅಕ್ಷರ, ಒತ್ತು, ಕೊಂಬು, ದೀರ್ಘ ಎಲ್ಲಕ್ಕೂ ಬೇರೆ ಬೇರೆ ಮನೆಗಳಿದ್ದವು. ಜೋಡಿಸಿದಾಗ ಕಣ್ಣಿಗೆ ಪದ ಕಾಣುತ್ತಿತ್ತು. ವಿಂಡೋಸ್ 95, 98ರ ಕಾಲದಲ್ಲಿ ಕಂಪ್ಯೂಟರಿಗೆ ಕನ್ನಡ ಗೊತ್ತಿರಲಿಲ್ಲ. ಒಂದು ಫಾಂಟಿನಲ್ಲಿ ಇದ್ದ ಮನೆಗಳು ಹೆಚ್ಚೆಂದರೆ 256, ಅವೂ ರೋಮನ್ ಅಕ್ಷರಗಳಿಗೆಂದು ಮಾಡಿದವು. ನಮ್ಮವರು ಆ ಮನೆಗಳಲ್ಲಿ ಕನ್ನಡದ ಅಕ್ಷರಭಾಗಗಳನ್ನು ಕೂರಿಸಿದರು. ಡಿಟಿಪಿಯವರು ‘ಆಸ್ಕಿ ಫಾಂಟ್’ ಎಂದು ಕರೆಯುವುದು ಇದನ್ನೇ. ಹಳೆಯ ನುಡಿಯಲ್ಲಿ ‘ಕನ್ನಡ’ ಎಂದು ಟೈಪ್ ಮಾಡಿದರೆ ಕಡತದೊಳಗೆ ಉಳಿಯುವುದು ಏಳು ರೋಮನ್ ಚಿಹ್ನೆಗಳು: ದೊಡ್ಡ ಪಿ, ತಲೆಯ ಮೇಲೆ ಓರೆಗೆರೆಯಿರುವ ಎ, ಬ್ರಿಟನ್ನಿನ ಪೌಂಡ್ ಚಿಹ್ನೆ, ಮತ್ತೆ ಅದೇ ಎ, ಜರ್ಮನ್ ಭಾಷೆಯ ಒಂದು ಅಕ್ಷರ, ಸಣ್ಣ ಕ್ಯೂ, ಕೊನೆಗೆ ಮತ್ತೆ ಎ. ಆ ಓರೆಗೆರೆಯ ಎ ಎಂಬುದೇ ನಮ್ಮ ತಲೆಕಟ್ಟು, ಪಿ ಎಂಬುದು ತಲೆಕಟ್ಟಿಲ್ಲದ ಕ. ನುಡಿ ಫಾಂಟ್ ಇರುವ ಕಂಪ್ಯೂಟರಿನಲ್ಲಿ ಅದು ಕನ್ನಡವಾಗಿ ಕಾಣುತ್ತದೆ. ಫಾಂಟ್ ಇಲ್ಲದ ಮೊಬೈಲಿನಲ್ಲಿ ಒಳಗೆ ಏನಿದೆಯೋ ಅದೇ ಕಾಣುತ್ತದೆ. ನೀವು ಆ ಮಗಳಿಗೆ ತಪ್ಪು ಕಡತ ಕೊಡಲಿಲ್ಲ. ಕನ್ನಡದ ವೇಷ ಹಾಕಿದ ರೋಮನ್ ಚಿಹ್ನೆಗಳನ್ನು ಕೊಟ್ಟಿರಿ, ಅಲ್ಲಿ ವೇಷ ಕಳಚಿತು.

ಯುನಿಕೋಡ್ ಮಾಡುವುದು ಇದರ ತಿರುವುಮುರುವು. ಅದು ಫಾಂಟ್ ಅಲ್ಲ. ‘ಯುನಿಕೋಡ್ ಫಾಂಟ್ ಚೆನ್ನಾಗಿಲ್ಲ’ ಎಂಬ ಮಾತು ಪ್ರೆಸ್ಸುಗಳಲ್ಲಿ ಇವತ್ತಿಗೂ ಕೇಳುತ್ತದೆ, ಅದರಲ್ಲಿ ಬುಡದಲ್ಲೇ ಗೊಂದಲವಿದೆ. ಜಗತ್ತಿನ ಪ್ರತಿ ಲಿಪಿಯ ಪ್ರತಿ ಅಕ್ಷರಕ್ಕೂ ತನ್ನದೇ ಒಂದು ಸಂಖ್ಯೆ ಕೊಡುವ ಒಪ್ಪಂದ ಅದು. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಮನೆಗಳ ಒಂದು ಕೇರಿ ಸಿಕ್ಕಿತು. ಅಲ್ಲಿ ‘ಕನ್ನಡ’ ಎಂದರೆ ಕ, ನ, ವಿರಾಮ (ಅಕ್ಷರದ ಸ್ವರ ತೆಗೆಯುವ ಗುರುತು), ನ, ಡ, ಇಷ್ಟೇ. ಒತ್ತು ಎಲ್ಲಿ ಕೂರಬೇಕು, ತಲೆಕಟ್ಟು ಯಾವಾಗ ಹೋಗಬೇಕು ಎಂಬುದು ಫಾಂಟ್ ಮತ್ತು ತಂತ್ರಾಂಶದ ಕೆಲಸ. ಬರಹದಲ್ಲಿ ಉಳಿಯುವುದು ಉಚ್ಚಾರದ ಕ್ರಮ.

‘ಕರ್ನಾಟಕ’ ಎಂಬ ಪದದಲ್ಲಿ ಈ ವ್ಯತ್ಯಾಸ ಇನ್ನೂ ಸ್ಪಷ್ಟವಾಗುತ್ತದೆ. ನುಡಿಯ ಹಳೆಯ ಸಂಕೇತದಲ್ಲಿ ಅರ್ಕಾವತ್ತು ‘ನಾ’ ಆದ ಮೇಲೆ ಬರುತ್ತದೆ, ಏಕೆಂದರೆ ಕಣ್ಣಿಗೆ ಅದು ಅಲ್ಲಿ ಕಾಣುತ್ತದೆ. ಯುನಿಕೋಡ್‌ನಲ್ಲಿ ‘ರ’ ಮೊದಲು ಬರುತ್ತದೆ, ಏಕೆಂದರೆ ಬಾಯಲ್ಲಿ ಅದು ಮೊದಲು ಬರುತ್ತದೆ. ಹಾಗಾಗಿಯೇ ಹಳೆಯ ಕಡತಗಳಲ್ಲಿ ಪದ ಹುಡುಕಲಾಗುವುದಿಲ್ಲ, ಅಕಾರಾದಿಯಾಗಿ ಜೋಡಿಸಲಾಗುವುದಿಲ್ಲ, ಇ-ಪುಸ್ತಕ ಮಾಡಲಾಗುವುದಿಲ್ಲ.

ಇನ್ನೊಂದು ಸಂಗತಿ ನನ್ನನ್ನು ವರ್ಷಗಳಿಂದ ಕಾಡುತ್ತಿದೆ. ದೃಷ್ಟಿಯಿಲ್ಲದ ವಿದ್ಯಾರ್ಥಿನಿಯೊಬ್ಬಳು ಎಂ.ಎ. ಪರೀಕ್ಷೆಗೆ ಓದಬೇಕಾದ ವಿಮರ್ಶಾ ಪುಸ್ತಕದ ಕಡತವನ್ನು ಪ್ರಕಾಶಕರಿಂದ ಪಡೆದಳು. ಪ್ರಕಾಶಕರು ಒಳ್ಳೆಯ ಮನಸ್ಸಿನಿಂದಲೇ ಕೊಟ್ಟರು. ಪರದೆಯ ಮೇಲಿನದನ್ನು ಓದಿ ಹೇಳುವ ತಂತ್ರಾಂಶ ಅವಳ ಕಿವಿಗೆ ಪಿ, ಎ, ಪೌಂಡ್, ಎ ಎಂದು ಓದಿತು. ಇಡೀ ಪುಸ್ತಕ ಹಾಗೆಯೇ. ಅವಳ ತಾಯಿ ಕುಳಿತು ಆ ಪುಸ್ತಕವನ್ನು ಗಟ್ಟಿಯಾಗಿ ಓದಿ ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಟ್ಟರು. ಅಂಗವಿಕಲರು ಓದಬಲ್ಲ ರೂಪಕ್ಕೆ ಪುಸ್ತಕವನ್ನು ಮಾರ್ಪಡಿಸಲು ನಮ್ಮ ಕೃತಿಸ್ವಾಮ್ಯ ಕಾಯ್ದೆ 2012ರ ತಿದ್ದುಪಡಿಯಿಂದಲೇ ಅವಕಾಶ ಕೊಟ್ಟಿದೆ. ಇದೇ ಉದ್ದೇಶದ ಮರಕೇಶ್ ಒಪ್ಪಂದವನ್ನು 2014ರಲ್ಲಿ ಎಲ್ಲರಿಗಿಂತ ಮೊದಲು ಅನುಮೋದಿಸಿದ ದೇಶ ಭಾರತ. ಕಾನೂನು ಬಾಗಿಲು ತೆರೆದಿದೆ, ನಮ್ಮ ಫಾಂಟು ಬಾಗಿಲಿಗೆ ಅಡ್ಡ ನಿಂತಿದೆ. ತಂತ್ರಾಂಶದ ಆಯ್ಕೆ ಪ್ರೆಸ್ಸಿನವರ ಖಾಸಗಿ ವಿಷಯ ಎಂದು ಯಾರಾದರೂ ಹೇಳಿದರೆ ನನಗೆ ಆ ತಾಯಿಯ ನೆನಪಾಗುತ್ತದೆ.

ಹಾಗೆಂದು ಆಸ್ಕಿ ಫಾಂಟ್ ಮಾಡಿದವರನ್ನು ನಾನು ದೂರುವುದಿಲ್ಲ. ಕನ್ನಡ ಯುನಿಕೋಡ್ ಅನ್ನು ತೋರಿಸಬಲ್ಲ ವಿಂಡೋಸ್ ಬಂದದ್ದೇ 2001ರ ಎಕ್ಸ್‌ಪಿಯಲ್ಲಿ, ‘ತುಂಗಾ’ ಫಾಂಟಿನ ಜೊತೆ. ಅದಕ್ಕಿಂತ ಮೊದಲು ಪತ್ರಿಕೆ, ಪುಸ್ತಕ, ಕಚೇರಿ ಯಾವುದೂ ಕಾಯುವಂತಿರಲಿಲ್ಲ. ಅಂದಿನ ಸಮಸ್ಯೆ ಬೇರೆಡೆ ಇತ್ತು. ಪ್ರತಿ ಕಂಪನಿಯೂ ತನ್ನದೇ ಸಂಕೇತ ಮಾಡಿಕೊಂಡು, ಒಂದರ ಬರಹ ಇನ್ನೊಂದರಲ್ಲಿ ತೆರೆಯದಂತೆ ಆಯಿತು. ರಾಜ್ಯ ಸರ್ಕಾರ ಈ ಶತಮಾನದ ಆರಂಭದಲ್ಲಿ ಕನ್ನಡ ಗಣಕ ಪರಿಷತ್ತಿನ ಮೂಲಕ ನುಡಿಯನ್ನು ಉಚಿತವಾಗಿ ಕೊಟ್ಟು, ಸಂಕೇತಗಳನ್ನು ಒಂದು ಮಾಡಲು ನೋಡಿದ್ದು ಅದಕ್ಕಾಗಿಯೇ. ಅದರಿಂದ ನಿಮಗೆ ಇಂದು ದೊಡ್ಡ ಉಪಕಾರವಾಗಿದೆ. ನುಡಿ ಮತ್ತು ‘ಬರಹ’ ಎಂಬ ತಂತ್ರಾಂಶಗಳ ಹಳೆಯ ಫಾಂಟುಗಳ ಸಂಕೇತ ಬಹುಮಟ್ಟಿಗೆ ಒಂದೇ, ಅದು ಎಲ್ಲರಿಗೂ ಗೊತ್ತಿರುವಂಥದು, ಅದಕ್ಕೆ ಪರಿವರ್ತಕಗಳು ಬೇಕಾದಷ್ಟಿವೆ. ಕಂಪನಿಯ ಸಂಕೇತದಲ್ಲಿ ಸಿಕ್ಕಿಕೊಂಡವರ ಪಾಡು ಬೇರೆ. ನನಗೆ ಗೊತ್ತಿರುವ ಮಾಸಪತ್ರಿಕೆಯೊಂದು ಪ್ರಿಂಟರ್ ಪೋರ್ಟಿಗೆ ಚುಚ್ಚುವ ‘ಲಾಕ್’ ಇದ್ದರೆ ಮಾತ್ರ ತೆರೆಯುವ ತಂತ್ರಾಂಶ ಬಳಸುತ್ತಿತ್ತು. ಒಂದು ಮಳೆಗಾಲ ಸಿಡಿಲಿಗೆ ಆ ಲಾಕ್ ಸುಟ್ಟಿತು. ಕಂಪನಿ ಅಷ್ಟರಲ್ಲಿ ಮುಚ್ಚಿತ್ತು. ಒಂಬತ್ತು ವರ್ಷದ ಸಂಚಿಕೆಗಳ ಕಡತ ಕಂಪ್ಯೂಟರಿನಲ್ಲಿ ಕಣ್ಣೆದುರೇ ಇದ್ದವು, ತೆರೆಯಲಾಗಲಿಲ್ಲ. ಕೊನೆಗೆ ಆಯ್ದ ಲೇಖನಗಳನ್ನು ಅಚ್ಚಾದ ಪ್ರತಿ ನೋಡಿ ಮತ್ತೆ ಟೈಪ್ ಮಾಡಿದೆವು. ಆ ಲಾಕ್ ಕಂಡುಹಿಡಿದವರು ಕಳ್ಳಪ್ರತಿ ತಡೆಯಲು ಹೊರಟಿದ್ದರು. ಹಣ ಕೊಟ್ಟು ಕೊಂಡವರ ಬರಹವೇ ಅದರೊಳಗೆ ಸೆರೆಯಾಯಿತು.

ಈಗ ನಿಮ್ಮ ಆಪರೇಟರ್ ಅವರ ಹೆದರಿಕೆಗಳು. ಒತ್ತಕ್ಷರ ಒಡೆಯುತ್ತದೆ ಎಂಬುದು ಒಂದು ಕಾಲಕ್ಕೆ ನಿಜವಾಗಿತ್ತು, ಈಗಲೂ ಎರಡು ಕಡೆ ನಿಜ. ಪೇಜ್‌ಮೇಕರ್‌ಗೆ ಯುನಿಕೋಡ್ ತಿಳಿಯದು. ಅದರ ಕೊನೆಯ ಆವೃತ್ತಿ 7 ಬಂದದ್ದು 2001ರಲ್ಲಿ, ಅಲ್ಲಿಗೆ ಅದರ ಕಥೆ ಮುಗಿಯಿತು. ಇನ್‌ಡಿಸೈನ್ 2012ರ ಸಿಎಸ್6 ಆವೃತ್ತಿಯಿಂದ ಕನ್ನಡವನ್ನು ಸರಿಯಾಗಿ ಜೋಡಿಸುತ್ತದೆ, ಆದರೆ ಪ್ಯಾರಾಗ್ರಾಫ್ ವ್ಯವಸ್ಥೆಯಲ್ಲಿ ‘ವರ್ಲ್ಡ್-ರೆಡಿ ಕಂಪೋಸರ್’ ಆರಿಸಿಕೊಳ್ಳದಿದ್ದರೆ ಒತ್ತು ಒಂದು ಕಡೆ, ಅಕ್ಷರ ಒಂದು ಕಡೆ ಆಗುತ್ತದೆ. ‘ಯುನಿಕೋಡ್ ಒಡೆಯುತ್ತದೆ’ ಎಂದು ನನ್ನನ್ನು ಕರೆಸಿದ ಪ್ರೆಸ್ಸುಗಳಲ್ಲಿ ಹೆಚ್ಚಿನ ಕಡೆ ಆ ಒಂದು ಗುಂಡಿ ಒತ್ತಿ ಎದ್ದು ಬಂದಿದ್ದೇನೆ. ಬೆಲೆಯಿಲ್ಲದೆ ಸಿಗುವ ಕಚೇರಿ ತಂತ್ರಾಂಶವಾದ ಲಿಬ್ರೆಆಫೀಸ್‌ನಲ್ಲಿ ಈ ತೊಂದರೆಯಿಲ್ಲ. ಯಾವುದೇ ಹೊಸ ತಂತ್ರಾಂಶ, ಫಾಂಟ್ ತಂದಾಗ ಅವರು ಒಂದು ಸಾಲು ಟೈಪ್ ಮಾಡಿ ನೋಡಲಿ: ರಾಷ್ಟ್ರೀಯ, ಸ್ತ್ರೀ, ಲಕ್ಷ್ಮಿ, ಸಾಮರ್ಥ್ಯ, ಅರ್ಘ್ಯ, ಸಾಫ್ಟ್‌ವೇರ್. ಇವು ನೆಟ್ಟಗೆ ಬಂದರೆ ಉಳಿದವೂ ಬರುತ್ತವೆ.

ಕೀಲಿಮಣೆಯನ್ನು ಹೊಸದಾಗಿ ಕಲಿಯಬೇಕು ಎಂಬುದು ಪೂರ್ತಿ ತಪ್ಪು. ಅವರ ಬೆರಳುಗಳಲ್ಲಿ ಇರುವುದು ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸ, ಗಣಕ ಪರಿಷತ್ತು ಅಳವಡಿಸಿಕೊಂಡದ್ದೂ ಅದನ್ನೇ. ನುಡಿಯ ಈಚಿನ ಆವೃತ್ತಿಗಳಲ್ಲಿ ಅದೇ ವಿನ್ಯಾಸದಲ್ಲಿ ಯುನಿಕೋಡ್ ಟೈಪ್ ಮಾಡಬಹುದು. ಲಿನಕ್ಸ್‌ನ ಕೀಲಿಮಣೆ ಪಟ್ಟಿಯಲ್ಲಿ ಕನ್ನಡ ಗಣಕ ಪರಿಷತ್ತಿನ ಮೊದಲಕ್ಷರಗಳಾದ ‘ಕಗಪ’ ಎಂಬ ಹೆಸರಿನಲ್ಲೇ ಅದು ಇದೆ. ಅರ್ಕಾವತ್ತಿನಂಥ ಒಂದೆರಡು ಕಡೆ ಅಭ್ಯಾಸ ಬದಲಾಗಬೇಕಾದೀತು, ವಾರದ ಮಾತು. ಹದಿನಾರು ವರ್ಷದ ಅವರ ಅನುಭವ ನಿಮ್ಮ ಪ್ರೆಸ್ಸಿನ ದೊಡ್ಡ ಆಸ್ತಿ ಎಂದು ಅವರಿಗೆ ನೀವೇ ಬಾಯಿಬಿಟ್ಟು ಹೇಳಿ. ಮುಂದೆ ವಿವರಿಸುವ ಕೆಲಸದಲ್ಲಿ ಅವರ ಕಣ್ಣಿಲ್ಲದೆ ಒಂದು ಪುಟವೂ ದಾಟುವುದಿಲ್ಲ.

ಇನ್ನು ದಾರಿಗಳು. ಇದ್ದಲ್ಲೇ ಇರುವುದು ಮೊದಲನೆಯದು. ವಿಂಡೋಸ್ 7ಕ್ಕೆ 2020ರ ಜನವರಿಯಲ್ಲಿ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ ನಿಂತಿದೆ. ನಿಂತ ಮರುದಿನ ಕಂಪ್ಯೂಟರ್ ಕೆಡುವುದಿಲ್ಲ, ಆ ಬಗ್ಗೆ ಹೆದರಿಸುವವರನ್ನು ನಂಬಬೇಡಿ. ಆದರೆ ಭದ್ರತೆಯಲ್ಲಿ ಕಾಣುವ ಹೊಸ ರಂಧ್ರಗಳಿಗೆ ತೇಪೆ ಬರುವುದಿಲ್ಲ. ಅಂತರಜಾಲಕ್ಕೆ ಜೋಡಿಸಿದ ವಿಂಡೋಸ್ 7 ಯಂತ್ರದಲ್ಲಿ, ಅದೂ ಬೀಗ ಮುರಿದ ತಂತ್ರಾಂಶ ತುಂಬಿರುವಾಗ, ಮುನ್ನೂರು ಪುಸ್ತಕ ಇಟ್ಟುಕೊಳ್ಳುವುದು ಬಾಗಿಲಿಲ್ಲದ ಕಣಜದಲ್ಲಿ ಜೋಳ ಇಟ್ಟಂತೆ. ಅದರ ಅಂತರಜಾಲದ ತಂತಿಯನ್ನು ಇವತ್ತೇ ಕಿತ್ತುಬಿಡಿ. ಯಂತ್ರವನ್ನು ಮಾತ್ರ ಎಸೆಯಬೇಡಿ, ಹಳೆಯ ಕಡತ ಹೇಗೆ ಕಾಣುತ್ತಿತ್ತು ಎಂದು ಹೋಲಿಸಿ ನೋಡಲು ಬೇಕು.

ಇನ್‌ಡಿಸೈನ್ ಒಳ್ಳೆಯ ತಂತ್ರಾಂಶ. ಬಣ್ಣದ ಪುಸ್ತಕ, ನಿಯತಕಾಲಿಕೆಗಳಿಗೆ ಅದರ ಸಮಕ್ಕೆ ನಿಲ್ಲುವುದು ಕಡಿಮೆ. ಆದರೆ 2013ರಿಂದ ಅದು ಕೊಳ್ಳುವ ವಸ್ತುವಲ್ಲ, ಬಾಡಿಗೆಯ ವಸ್ತು. ಬಾಡಿಗೆ ನಿಲ್ಲಿಸಿದ ತಿಂಗಳು ನಿಮ್ಮ ಕಡತವನ್ನು ನೀವು ಅದರಲ್ಲಿ ತಿದ್ದಲಾರಿರಿ. ಮಾರಾಟಗಾರರು ನಿಮಗೆ ಹೇಳದ ಇನ್ನೊಂದು ವಿಷಯ: ಪೇಜ್‌ಮೇಕರ್ ಕಡತಗಳನ್ನು ತೆರೆಯುತ್ತಿದ್ದದ್ದು ಸಿಎಸ್6ರವರೆಗೆ ಮಾತ್ರ, ಚಂದಾದ ಆವೃತ್ತಿಗಳಲ್ಲಿ ಅದು ಇಲ್ಲ. ನಿಮ್ಮ ಹಳೆಯ ಪುಸ್ತಕಗಳಿಗೆ ಅದರಿಂದ ಏನೂ ಆಗದು. ಮುಂದೆ ಬಣ್ಣದ ಕೆಲಸ ಹೆಚ್ಚಾಗಿ, ಬಾಡಿಗೆಯಷ್ಟು ದುಡಿಮೆ ಅದರಿಂದಲೇ ಹುಟ್ಟುವಂತಾದರೆ ತೆಗೆದುಕೊಳ್ಳಿ. ಅಲ್ಲಿಯವರೆಗೆ ಅವಸರವಿಲ್ಲ.

ನಿಮ್ಮ ಮಗ ಹೇಳುವುದರಲ್ಲಿ ತಿರುಳಿದೆ, ಕ್ರಮ ಮಾತ್ರ ಹಿಂದುಮುಂದಾಗಿದೆ. ಮುಕ್ತ ತಂತ್ರಾಂಶ ಎಂದರೆ ಬಿಟ್ಟಿ ತಂತ್ರಾಂಶ ಎಂದು ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ಬೆಲೆಯಿಲ್ಲದೆ ಸಿಕ್ಕಿದ್ದೆಲ್ಲ ಮುಕ್ತವಲ್ಲ. ತಂತ್ರಾಂಶವನ್ನು ಬರೆದ ಮೂಲ ಸಂಕೇತವನ್ನು ಯಾರು ಬೇಕಾದರೂ ಓದಿ, ತಿದ್ದಿ, ಹಂಚಬಹುದಾದರೆ ಮಾತ್ರ ಅದು ಮುಕ್ತ. ನಿಮಗೆ ಇದರ ಲಾಭ ಎಲ್ಲಿದೆ ಎಂದರೆ, ಅಂಥ ತಂತ್ರಾಂಶದ ಕಡತ ಯಾವ ರೂಪದಲ್ಲಿದೆ ಎಂಬುದು ಗುಟ್ಟಲ್ಲ. ಮಾಡಿದವರು ಬಿಟ್ಟುಹೋದರೂ ಬೇರೊಬ್ಬರು ತೆರೆಯಬಲ್ಲರು. ಕಥೆ, ಕಾದಂಬರಿ, ಪ್ರಬಂಧಗಳಂಥ ಒಂದೇ ಬಣ್ಣದ ಪುಸ್ತಕಗಳಿಗೆ ಲಿಬ್ರೆಆಫೀಸ್ ರೈಟರ್ ಸಾಕು. ಪುಟ ವಿನ್ಯಾಸ ಹೆಚ್ಚು ಬೇಕಾದಲ್ಲಿ ಸ್ಕ್ರೈಬಸ್ ಇದೆ, 2024ರ ಜನವರಿಯಲ್ಲಿ ಬಂದ 1.6 ಆವೃತ್ತಿ ಕನ್ನಡದ ಒತ್ತಕ್ಷರಗಳನ್ನು ಸರಿಯಾಗಿ ಕೂರಿಸುತ್ತದೆ. ಎರಡೂ ವಿಂಡೋಸ್‌ನಲ್ಲೂ ನಡೆಯುತ್ತವೆ. ಆದ್ದರಿಂದ ಮೊದಲು ತಂತ್ರಾಂಶ ಬದಲಿಸಿ, ಕೈ ಕುದುರಿದ ಮೇಲೆ ವಿಂಡೋಸ್ 10ರ ಯಂತ್ರಕ್ಕೆ ಲಿನಕ್ಸ್ ಹಾಕಿ. ವಿಂಡೋಸ್ 11 ಬೇಡುವ ಟಿಪಿಎಂ 2.0 ಎಂಬ ಭದ್ರತಾ ಚಿಪ್ ನಿಮ್ಮ ಯಂತ್ರದಲ್ಲಿ ಇರಲಿಕ್ಕಿಲ್ಲ, ಲಿನಕ್ಸ್‌ಗೆ ಅದರ ಹಂಗಿಲ್ಲ. ಎಲ್ಲವನ್ನೂ ಒಂದೇ ರಾತ್ರಿ ಬದಲಿಸಿ, ಮರುದಿನ ಲಗ್ನಪತ್ರಿಕೆಯ ಗಿರಾಕಿ ಬಾಗಿಲಲ್ಲಿ ನಿಂತಾಗ ಪ್ರಿಂಟರ್ ಕೆಲಸ ಮಾಡದೆ ಪರದಾಡಿದ ಪ್ರೆಸ್ಸುಗಳನ್ನು ನೋಡಿದ್ದೇನೆ. ಮಗ ಪರೀಕ್ಷೆ ಬರೆಯಲು ಹೋದಾಗ ಪ್ರೆಸ್ಸು ನಿಲ್ಲಬಾರದು. ನಿಮ್ಮ ಆಫ್‌ಸೆಟ್‌ನವರಿಗೆ ಫಾಂಟ್ ಒಳಗೊಂಡ ಪಿಡಿಎಫ್ ಸಾಕೇ ಎಂದೂ ಮೊದಲೇ ಕೇಳಿಕೊಳ್ಳಿ.

ಹಳೆಯ ಫಾಂಟಿನ ಅಂದ ಹೋಗುತ್ತದೆ ಎಂಬ ಕೊರಗು ನಿಮ್ಮಲ್ಲೂ ಇರಬಹುದು. ಪುಸ್ತಕದ ದೀರ್ಘ ಓದಿಗೆ ನೋಟೊ ಸೆರಿಫ್ ಕನ್ನಡ, ತಿರೋ ಕನ್ನಡ ಇವೆರಡನ್ನು ಅಚ್ಚು ಹಾಕಿ ನೋಡಿ, ಪರದೆಯ ಮೇಲೆ ನೋಡಿ ತೀರ್ಮಾನಿಸಬೇಡಿ. ಎರಡನ್ನೂ ವ್ಯಾಪಾರಕ್ಕೆ ಬಳಸಲು ಪರವಾನಗಿಯೇ ಅನುಮತಿ ಕೊಡುತ್ತದೆ.

ಎಐ ಬಳಸಿ ಒಂದು ವಾರದಲ್ಲಿ ಮಾಡಿಕೊಡುತ್ತೇನೆ ಎಂದವರಿಗೆ ಪುಸ್ತಕಗಳನ್ನು ಕೊಡಬೇಡಿ. ಇದನ್ನು ಹೊಸದರ ಮೇಲಿನ ಸಿಟ್ಟಿನಿಂದ ಹೇಳುತ್ತಿಲ್ಲ, ನಾನೇ ಮಾಡಿ ನೋಡಿ ಹೇಳುತ್ತಿದ್ದೇನೆ. ಉತ್ತರ ಕರ್ನಾಟಕದ ಆಡುಮಾತಿನ ಕಥೆಯೊಂದರ ಪುಟಗಳನ್ನು ಅಂಥ ಒಂದು ತಂತ್ರಾಂಶಕ್ಕೆ ಕೊಟ್ಟೆ. ಮೂಲದಲ್ಲಿ ಅಜ್ಜಿಯೊಬ್ಬಳು ‘ಎಲ್ಲಿಗೆ ಹೊಂಟೀಯೋ ಯಪ್ಪಾ’ ಎಂದಿದ್ದದ್ದು ‘ಎಲ್ಲಿಗೆ ಹೊರಟಿದ್ದೀಯಪ್ಪಾ’ ಎಂದಾಗಿ ಬಂತು. ಕಾಗುಣಿತದ ತಪ್ಪು ಒಂದೂ ಇರಲಿಲ್ಲ, ಆದರೆ ಆ ಅಜ್ಜಿ ಕಥೆಯಿಂದ ಎದ್ದು ಹೋಗಿದ್ದಳು. ಸಂಕೇತ ಬದಲಿಸುವ ಸಾಧಾರಣ ಪರಿವರ್ತಕವೂ ತಪ್ಪು ಮಾಡುತ್ತದೆ, ಆದರೆ ಅದರ ತಪ್ಪು ಎಲ್ಲ ಕಡೆಯೂ ಒಂದೇ ಥರ ಇರುತ್ತದೆ, ಕಣ್ಣಿಗೆ ಹೊಡೆಯುತ್ತದೆ, ಒಮ್ಮೆ ಹಿಡಿದರೆ ಮುನ್ನೂರು ಪುಸ್ತಕದಲ್ಲೂ ತಿದ್ದಬಹುದು. ಎಐ ಮಾಡುವ ತಪ್ಪು ಸರಿಯಾದ ಕನ್ನಡದಂತೆ ಕಾಣುತ್ತದೆ. ಕರಡು ನೋಡುವವರ ಕಣ್ಣಿಗೆ ಅದಕ್ಕಿಂತ ದೊಡ್ಡ ಬಲೆ ಇಲ್ಲ. ನಿಮ್ಮ ಹತ್ತಿರ ಮೂಲ ಕಡತವೇ ಇರುವಾಗ ಅದನ್ನು ಬಿಟ್ಟು ಪಿಡಿಎಫ್‌ನ ಚಿತ್ರ ನೋಡಿ ಊಹಿಸುವ ಯಂತ್ರ ಏಕೆ ಬೇಕು?

ಇಲ್ಲಿ ಹಕ್ಕಿನ ಪ್ರಶ್ನೆಯೂ ಇದೆ. ಲೇಖಕರು ನಿಮಗೆ ಕೊಟ್ಟದ್ದು ಪುಸ್ತಕ ಅಚ್ಚು ಹಾಕಿ ಮಾರುವ ಅನುಮತಿ. ಅವರ ಬರಹವನ್ನು ಮೂರನೆಯವರ ಸರ್ವರ್‌ಗೆ ಏರಿಸಲು, ಅಲ್ಲಿ ಅದು ಯಾವ ಯಂತ್ರದ ತರಬೇತಿಗೆ ಹೋಗುತ್ತದೋ ತಿಳಿಯದೆ ಬಿಟ್ಟುಕೊಡಲು ಅವರು ಹೇಳಿಲ್ಲ. ತೀರಿಕೊಂಡ ಲೇಖಕರ ಹಕ್ಕೂ ನಮ್ಮ ದೇಶದಲ್ಲಿ 60 ವರ್ಷ ಉಳಿಯುತ್ತದೆ, ಅದು ಅವರ ವಾರಸುದಾರರದು. ಎಲ್ಲರನ್ನೂ ಕೇಳಿ. ‘ಆಗಲಿ’ ಎಂದವರ ಪುಸ್ತಕದ ಮಾತು ಬೇರೆ. ಕಡತವೇ ಕಳೆದುಹೋಗಿ ಅಚ್ಚಾದ ಪ್ರತಿ ಮಾತ್ರ ಉಳಿದಿದ್ದರೆ, ಸ್ಕ್ಯಾನ್ ಮಾಡಿ ಟೆಸರಾಕ್ಟ್ ಎಂಬ ಮುಕ್ತ ತಂತ್ರಾಂಶದಿಂದ ನಿಮ್ಮ ಕಂಪ್ಯೂಟರಿನಲ್ಲೇ ಅಕ್ಷರ ಗುರುತಿಸಿ, ಸಾಲು ಸಾಲೂ ಮೂಲದೊಡನೆ ಹೋಲಿಸಿ ಕರಡು ನೋಡಿ. ನಿಧಾನವಾಗುತ್ತದೆ, ಆದರೆ ಪ್ರತಿ ಬದಲಾವಣೆಯೂ ನಿಮ್ಮ ಕಣ್ಣಡಿಯಲ್ಲೇ ಆಗುತ್ತದೆ.

ಹಣ ಕೊಡದ ಪೇಜ್‌ಮೇಕರ್ ವಿಷಯ ಕೇಳಿದ್ದೀರಿ. ಹೌದು, ಅದು ತಪ್ಪೇ. ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಮಿನ ಪ್ರಕಾರ ಕಳ್ಳಪ್ರತಿ ಎಂದು ತಿಳಿದೂ ತಂತ್ರಾಂಶ ಬಳಸಿದರೆ ಏಳು ದಿನದಿಂದ ಮೂರು ವರ್ಷದವರೆಗೆ ಸೆರೆ, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ನಿಮ್ಮನ್ನು ಹೆದರಿಸಲು ಇದನ್ನು ಬರೆಯುತ್ತಿಲ್ಲ, ನೀವು ಪ್ರಾಮಾಣಿಕವಾಗಿ ಕೇಳಿದ್ದಕ್ಕೆ ಪ್ರಾಮಾಣಿಕ ಉತ್ತರ ಕೊಡಬೇಕು. ತಪ್ಪಿನ ದೊಡ್ಡ ಪಾಲು ನಿಮಗೆ ತಿಳಿಸದೆಯೇ ಅದನ್ನು ತುಂಬಿ ಮಾರಿದವರದು. ಅಂದು ಅದರ ನಿಜವಾದ ಬೆಲೆ ಹಳ್ಳಿಯ ಪ್ರೆಸ್ಸಿನ ಕೈಗೆ ಎಟುಕುತ್ತಿರಲಿಲ್ಲ ಎಂಬುದೂ ಸುಳ್ಳಲ್ಲ. ಆದರೆ ನೀವು ಪ್ರಕಾಶಕರೂ ಹೌದು. ನೀವು ಪ್ರಕಟಿಸಿದ ಪುಸ್ತಕದ ಪಿಡಿಎಫ್ ಯಾರೋ ವಾಟ್ಸ್ಆ್ಯಪ್‌ನಲ್ಲಿ ಹಂಚಿದಾಗ ಆಗುವ ಸಂಕಟವನ್ನು ನಾನು ನಿಮಗೆ ವಿವರಿಸಬೇಕಿಲ್ಲ. ಅಂದು ಬೇರೆ ದಾರಿ ಇರಲಿಲ್ಲ, ಇಂದು ಇದೆ. ಇಂದಿನಿಂದ ಬಿಡಿ.

ಹಾಗಾದರೆ ಹಳೆಯ ಕಡತ ತೆರೆಯುವುದು ಹೇಗೆ ಎಂದು ಕೇಳುತ್ತೀರಿ. ಲಿಬ್ರೆಆಫೀಸ್ ಹಿಂದಿರುವ ಡಾಕ್ಯುಮೆಂಟ್ ಫೌಂಡೇಶನ್ 2014ರಲ್ಲಿ ದಾಖಲೆಗಳ ಬಿಡುಗಡೆಗೆಂದೇ ಒಂದು ಯೋಜನೆ ಆರಂಭಿಸಿತು. ಮುಚ್ಚಿಟ್ಟ ರೂಪಗಳಲ್ಲಿ ಸಿಕ್ಕಿಕೊಂಡ ಕಡತಗಳನ್ನು ಓದುವ ದಾರಿ ಹುಡುಕುವುದು ಅದರ ಕೆಲಸ. ಅದರ ಫಲವಾಗಿ ಲಿಬ್ರೆಆಫೀಸ್ ಡ್ರಾ ಇವತ್ತು ಪೇಜ್‌ಮೇಕರ್ ಕಡತಗಳನ್ನು ತೆರೆಯುತ್ತದೆ. ಪುಟ ವಿನ್ಯಾಸ ಅಲ್ಲಲ್ಲಿ ಜಾರುತ್ತದೆ, ಕೆಲವು ಕಡತ ತೆರೆಯದೆಯೂ ಇರಬಹುದು. ನಮಗೆ ಬೇಕಾದದ್ದು ಬರಹ, ವಿನ್ಯಾಸವನ್ನು ಹೇಗೂ ಹೊಸದಾಗಿ ಕಟ್ಟಬೇಕು. ತೆರೆಯದಿದ್ದವುಗಳಿಗೆ ಪಿಡಿಎಫ್‌ನಿಂದ ಬರಹ ನಕಲಿಸಿ ನೋಡಿ. ಅದೂ ಆಗದಿದ್ದರೆ, ಪರವಾನಗಿ ಇರುವ ಪೇಜ್‌ಮೇಕರ್ ಉಳಿಸಿಕೊಂಡಿರುವ ಹಿರಿಯ ಪ್ರೆಸ್ಸಿನವರು ನಿಮ್ಮ ಜಿಲ್ಲೆಯಲ್ಲಿ ಒಬ್ಬರಾದರೂ ಇರುತ್ತಾರೆ. ಅವರಲ್ಲಿ ಎರಡು ದಿನ ಕುಳಿತು, ಫಾಂಟಿನ ಗುರುತು ಉಳಿಸಿಕೊಳ್ಳುವ ಆರ್‌ಟಿಎಫ್ ರೂಪಕ್ಕೆ ರಫ್ತು ಮಾಡಿಕೊಳ್ಳಿ. ಕವನ ಸಂಕಲನಗಳಲ್ಲಿ ಪ್ರತಿ ಕವನಕ್ಕೂ ಬೇರೆ ಪಠ್ಯಚೌಕ ಎಳೆದಿದ್ದರೆ ಅಷ್ಟೂ ಸಲ ರಫ್ತು ಮಾಡಬೇಕಾಗುತ್ತದೆ, ತಾಳ್ಮೆ ಇರಲಿ.

ಪರಿವರ್ತಿಸುವಾಗ ಬಹುತೇಕರು ಎಡವುವುದು ಒಂದೇ ಕಲ್ಲಿಗೆ. ಬರಹವನ್ನು ಬರೀ ಪಠ್ಯವಾಗಿ ತೆಗೆದರೆ ಯಾವುದು ಯಾವ ಫಾಂಟಿನಲ್ಲಿತ್ತು ಎಂಬ ಗುರುತು ಅಳಿಸುತ್ತದೆ. ಆಗ ಪುಸ್ತಕದಲ್ಲಿ ನಿಜವಾಗಿಯೇ ಇಂಗ್ಲಿಷ್‌ನಲ್ಲಿದ್ದ ಹೆಸರು, ಶೀರ್ಷಿಕೆಗಳನ್ನೂ ಪರಿವರ್ತಕ ಕನ್ನಡ ಎಂದು ತಿಳಿದು ಕಲಸುಮೇಲೋಗರ ಮಾಡುತ್ತದೆ. ಫಾಂಟಿನ ಗುರುತು ಉಳಿಯುವ ರೂಪದಲ್ಲೇ ಇಟ್ಟುಕೊಂಡು, ನುಡಿ ಫಾಂಟಿನಲ್ಲಿರುವ ತುಣುಕುಗಳನ್ನು ಮಾತ್ರ ಬದಲಿಸಬೇಕು. ಲಿಬ್ರೆಆಫೀಸ್ ಕಡತದ ಒಳಗನ್ನು ಬಿಚ್ಚಿ ಓದಬಹುದು, ಪರಿವರ್ತಕಗಳ ಮೂಲವೂ ಮುಕ್ತವಾಗಿ ಸಿಗುತ್ತದೆ. ನಿಮ್ಮ ಮಗನಿಗೆ ಇದು ಹೇಳಿ ಮಾಡಿಸಿದ ಕೆಲಸ. ಅವನು ಬರೆಯುವ ನೂರು ಸಾಲಿನ ಪುಟ್ಟ ತಂತ್ರಾಂಶ ಲಿನಕ್ಸ್ ಹಾಕುವುದಕ್ಕಿಂತ ಹೆಚ್ಚಿನ ಉಪಕಾರ ಮಾಡುತ್ತದೆ. ಪ್ರಕಟವಾಗದ ಹಸ್ತಪ್ರತಿಗಳನ್ನು ಯಾರದೆಂದು ಗೊತ್ತಿಲ್ಲದ ಜಾಲತಾಣದ ಪರಿವರ್ತಕಕ್ಕೆ ಅಂಟಿಸುವುದೂ ಇದರಿಂದ ತಪ್ಪುತ್ತದೆ.

ಆಮೇಲೆ ಆಪರೇಟರ್ ಅಕ್ಕನ ಸರದಿ. ಸೊನ್ನೆ ಅಂಕಿಯ (೦) ಜಾಗದಲ್ಲಿ ಅನುಸ್ವಾರ, ಅನುಸ್ವಾರದ ಜಾಗದಲ್ಲಿ ಆ ಅಂಕಿ ಕುಳಿತಿರುತ್ತದೆ. ಎರಡೂ ಕಣ್ಣಿಗೆ ಒಂದೇ, ಹುಡುಕಿದಾಗ ಬೇರೆ. ‘ಸಾಫ್ಟ್‌ವೇರ್’ನಂಥ ಪದಗಳಲ್ಲಿ ಬಿಡಿಸಿ ನಿಲ್ಲಬೇಕಾದ ಅಕ್ಷರ ಒತ್ತಾಗಿ ಕೆಳಗಿಳಿದಿರುತ್ತದೆ. ಅರ್ಕಾವತ್ತು ದೀರ್ಘದ ಜೊತೆ ಬಂದಲ್ಲೆಲ್ಲ ಒಮ್ಮೆ ನಿಂತು ನೋಡಬೇಕು. ಹಳಗನ್ನಡದ ಪದ್ಯಗಳಿರುವ ಪುಸ್ತಕಗಳಲ್ಲಿ ಱ, ೞ ಉಳಿದಿವೆಯೇ ಗಮನಿಸಬೇಕು. ಯುನಿಕೋಡ್‌ನಲ್ಲಿ ಎರಡೂ ಇವೆ, ಆದರೆ ೞ ಅಕ್ಷರಕ್ಕೆ ಮೊದಲೇ ತಪ್ಪಾಗಿ ‘ಫ’ ಎಂಬ ಅರ್ಥದ ಇಂಗ್ಲಿಷ್ ಹೆಸರು ಬಿದ್ದು, ಹೆಸರು ಬದಲಿಸಬಾರದೆಂಬ ನಿಯಮದಿಂದ ಅದು ಹಾಗೆಯೇ ಉಳಿದಿದೆ. ಪಟ್ಟಿಯಲ್ಲಿ ಹುಡುಕುವಾಗ ಗಲಿಬಿಲಿಯಾಗದಿರಲಿ ಎಂದು ಹೇಳಿದೆ.

2003ರಿಂದ ಸಿಡಿಗಳಲ್ಲಿ ಏನಾದರೂ ತುಂಬಿಟ್ಟಿದ್ದರೆ ಈ ವಾರವೇ ನಕಲಿಸಿಕೊಳ್ಳಿ, ಅವುಗಳ ಪದರ ಹಾಳಾಗುತ್ತದೆ. ಎರಡು ಹಾರ್ಡ್ ಡಿಸ್ಕ್‌ಗಳಲ್ಲಿ ಪ್ರತಿ ಇಟ್ಟು, ಒಂದನ್ನು ಪ್ರೆಸ್ಸಿನಲ್ಲಿ ಇಡದೆ ಬೇರೆ ಊರಿನ ಬಂಧುಗಳ ಮನೆಯಲ್ಲಿ ಇಡಿ.

ಮುನ್ನೂರು ಪುಸ್ತಕವನ್ನೂ ಒಟ್ಟಿಗೆ ಹಿಡಿಯಬೇಡಿ. ಆ ಕವಿಯ ಸಂಕಲನದಿಂದ ಆರಂಭಿಸಿ. ತೆಳುವಾದ ಪುಸ್ತಕ, ಒಂದು ವಾರ ಸಾಕು, ನಿಮ್ಮ ಮೂವರಿಗೂ ಕೆಲಸದ ವರಸೆ ತಿಳಿಯುತ್ತದೆ. ಮುಗಿದ ಮೇಲೆ ಮಗಳಿಗೆ ಎರಡು ಕಡತ ಕಳಿಸಿ: ಅಚ್ಚಿನ ಪುಟಗಳಂತೆಯೇ ಕಾಣುವ ಪಿಡಿಎಫ್ ಒಂದು, ಬರೀ ಯುನಿಕೋಡ್ ಪಠ್ಯ ಇನ್ನೊಂದು. ಎರಡನೆಯದನ್ನು ಮೊಬೈಲಿನಲ್ಲಿ ತೆರೆದು, ತಂದೆಯ ಯಾವುದಾದರೂ ಕವನದಲ್ಲಿ ಅವರಿಗೆ ನೆನಪಿರುವ ಒಂದು ಪದವನ್ನು ಹುಡುಕಿ ನೋಡಲು ಹೇಳಿ.